ಸಮುದಾಯ ಕಾಂಪೋಸ್ಟ್ ತರಬೇತಿ: ಒಂದು ದಿನದ ಪ್ರಾತ್ಯಕ್ಷಿಕೆಯಿಂದ ಮೂರು ತಿಂಗಳ ಪಾಠದ ಕಡೆಗೆ

ಗ್ರಾಮ ಪಂಚಾಯಿತಿಯ ಆವರಣದಲ್ಲಾಗಲಿ, ಶಾಲೆಯ ಹಿತ್ತಲಿನಲ್ಲಾಗಲಿ, ನಗರದ ಬಡಾವಣೆಯ ಉದ್ಯಾನದಲ್ಲಾಗಲಿ ಕಾಂಪೋಸ್ಟ್ ತರಬೇತಿ ಎಂದರೆ ಬಹುಮಟ್ಟಿಗೆ ಒಂದೇ ಕ್ರಮ ರೂಢಿಯಲ್ಲಿದೆ. ಬೆಳಿಗ್ಗೆ ಉಪನ್ಯಾಸ, ಅನಂತರ ಗುಂಡಿ ಅಥವಾ ತೊಟ್ಟಿ ತುಂಬುವ ಪ್ರಾತ್ಯಕ್ಷಿಕೆ, ಮಧ್ಯಾಹ್ನದ ಊಟ, ಕೈಪಿಡಿಯ ವಿತರಣೆ. ಭಾಗವಹಿಸಿದವರು ಮನೆಗೆ ಮರಳಿ ಉತ್ಸಾಹದಿಂದ ತೊಟ್ಟಿ ತುಂಬುತ್ತಾರೆ. ಎರಡನೆಯ ವಾರ ದುರ್ವಾಸನೆ ಏಳುತ್ತದೆ, ಹುಳುಗಳು ಕಾಣಿಸಿಕೊಳ್ಳುತ್ತವೆ, ನೆರೆಯವರು ಗೊಣಗುತ್ತಾರೆ. ತಿಂಗಳು ತುಂಬುವುದರೊಳಗೆ ತೊಟ್ಟಿ ಮೂಲೆ ಸೇರುತ್ತದೆ. ತುಂಬುವ ದಿನ ಏನು ಮಾಡಬೇಕೆಂಬುದನ್ನು ಅವರಿಗೆ ಹೇಳಿಕೊಡಲಾಗಿರುತ್ತದೆ. ಹದಿನೈದನೆಯ ದಿನ ಏನು ಮಾಡಬೇಕೆಂಬುದನ್ನು ಯಾರೂ ತೋರಿಸಿರುವುದಿಲ್ಲ.

ಕಾಂಪೋಸ್ಟ್ ತಯಾರಿಕೆಯ ವಿಧಾನ ಸರಳವಾದುದು, ಅರ್ಧ ಪುಟದಲ್ಲಿ ಬರೆದು ಮುಗಿಸಬಹುದು. ಆದರೆ ರಾಶಿಯ ಹದವನ್ನು ಕೈಯಿಂದ ಮುಟ್ಟಿ, ಮೂಗಿನಿಂದ ಗ್ರಹಿಸಿ, ಆಯಾ ಹೊತ್ತಿಗೆ ಬೇಕಾದುದನ್ನು ಮಾಡುವ ತಿಳಿವಳಿಕೆ ಬರಹದಿಂದ ಬರುವುದಿಲ್ಲ. ಆದ್ದರಿಂದ ಸ್ವಸಹಾಯ ಸಂಘಗಳು, ಶಾಲಾ ಶಿಕ್ಷಕರು, ಬಡಾವಣೆಯ ನಿವಾಸಿ ಸಂಘಗಳು ಹಾಗೂ ವಿಸ್ತರಣಾ ಕಾರ್ಯಕರ್ತರು ತರಬೇತಿಯನ್ನು ಒಂದು ದಿನಕ್ಕೆ ಮುಗಿಸದೆ, ಒಂದೇ ರಾಶಿಯನ್ನು ಆರಂಭದಿಂದ ಮಾಗುವವರೆಗೆ ಅನುಸರಿಸುವ ಸುಮಾರು ಮೂರು ತಿಂಗಳ ಪಾಠವನ್ನಾಗಿ ರೂಪಿಸುವುದು ಸೂಕ್ತ. ಕೃಷಿ ವಿಸ್ತರಣೆಯಲ್ಲಿ ಇದಕ್ಕೆ ಪರಿಚಿತ ಮಾದರಿಯೊಂದಿದೆ. 1989ರಲ್ಲಿ ಇಂಡೋನೇಷ್ಯಾದ ಭತ್ತದ ಗದ್ದೆಗಳಲ್ಲಿ ಸಮಗ್ರ ಕೀಟ ನಿರ್ವಹಣೆಗಾಗಿ ಆರಂಭವಾದ ರೈತ ಕ್ಷೇತ್ರ ಪಾಠಶಾಲೆಗಳಲ್ಲಿ ರೈತರು ಬೆಳೆಯ ಅವಧಿಯುದ್ದಕ್ಕೂ ವಾರಕ್ಕೊಮ್ಮೆ ಅದೇ ಗದ್ದೆಯಲ್ಲಿ ಸೇರಿ, ಕಂಡದ್ದನ್ನು ಚರ್ಚಿಸಿ, ತಾವೇ ತೀರ್ಮಾನಕ್ಕೆ ಬರುತ್ತಿದ್ದರು. ಗದ್ದೆಯ ಸ್ಥಾನದಲ್ಲಿ ಗೊಬ್ಬರದ ರಾಶಿಯನ್ನು ಇಟ್ಟುಕೊಂಡರೆ ನಮ್ಮ ಪಾಠಕ್ರಮ ಸಿದ್ಧವಾಗುತ್ತದೆ.

ರಾಶಿಯೊಳಗೆ ನಡೆಯುವುದೇನು?

ಕಸವನ್ನು ಗೊಬ್ಬರವಾಗಿಸುವ ಕೆಲಸ ಬ್ಯಾಕ್ಟೀರಿಯ, ಶಿಲೀಂಧ್ರ ಮತ್ತು ಆಕ್ಟಿನೊಮೈಸೀಟ್‌ಗಳದು. ಅವುಗಳಿಗೆ ಶಕ್ತಿಗಾಗಿ ಇಂಗಾಲ, ದೇಹ ಬೆಳೆಸಿಕೊಳ್ಳಲು ಸಾರಜನಕ, ಜೊತೆಗೆ ನೀರು ಮತ್ತು ಗಾಳಿ ಬೇಕು. ಆರಂಭದಲ್ಲಿ ಇಂಗಾಲ-ಸಾರಜನಕದ ಅನುಪಾತ 25ರಿಂದ 30ಕ್ಕೆ 1 ಇದ್ದರೆ ಕಳಿಯುವಿಕೆ ಚುರುಕಾಗಿ ನಡೆಯುತ್ತದೆ. ತರಕಾರಿ ಸಿಪ್ಪೆ, ಹಸಿ ಸೊಪ್ಪು, ತಾಜಾ ಸೆಗಣಿಗಳಲ್ಲಿ ಸಾರಜನಕ ಹೆಚ್ಚು. ತರಗೆಲೆ, ಭತ್ತದ ಹುಲ್ಲು, ತೆಂಗಿನ ನಾರಿನ ಪುಡಿ, ಮರದ ಹೊಟ್ಟುಗಳಲ್ಲಿ ಇಂಗಾಲ ಹೆಚ್ಚು. ಅನುಪಾತದ ಲೆಕ್ಕವನ್ನು ಕಲಿಯುವವರ ಮುಂದೆ ಬಿಡಿಸುವ ಅಗತ್ಯವಿಲ್ಲ. ಒಂದು ಬುಟ್ಟಿ ಹಸಿ ಕಸಕ್ಕೆ ಒಂದೂವರೆಯಿಂದ ಎರಡು ಬುಟ್ಟಿ ಒಣ ಎಲೆ ಎಂಬ ಅಳತೆ ಬಹುತೇಕ ಸಂದರ್ಭಗಳಿಗೆ ಸಾಕು. ಉಳಿದದ್ದನ್ನು ರಾಶಿಯೇ ತಿಳಿಸುತ್ತದೆ.

ಇಲ್ಲಿ ಗಮನಿಸಬೇಕಾದ ಭೇದವೊಂದಿದೆ. ಉದ್ದ, ಅಗಲ, ಎತ್ತರ ತಲಾ ಒಂದು ಮೀಟರಿಗೆ ಕಡಿಮೆಯಿಲ್ಲದ ರಾಶಿ ತನ್ನ ಶಾಖವನ್ನು ತಾನೇ ಹಿಡಿದಿಟ್ಟುಕೊಳ್ಳುತ್ತದೆ. ಮೂರು ನಾಲ್ಕು ದಿನಗಳಲ್ಲಿ ಅದರ ಒಡಲು 55ರಿಂದ 65 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿಯೇರಿ, ಹಲವು ದಿನ ಹಾಗೆಯೇ ಇದ್ದರೆ ಕಳೆಯ ಬೀಜಗಳೂ ಅನೇಕ ರೋಗಾಣುಗಳೂ ನಾಶವಾಗುತ್ತವೆ. ಮನೆಯ ಮಾಳಿಗೆಯ ಮೇಲಿಡುವ ಮಣ್ಣಿನ ಮಡಕೆ ಅಥವಾ ಪ್ಲಾಸ್ಟಿಕ್ ಡಬ್ಬಿಯಲ್ಲಿ ಅಷ್ಟು ಶಾಖ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಅದರಲ್ಲಿಯೂ ಕಸ ಕಳಿತು ಗೊಬ್ಬರವಾಗುತ್ತದೆ, ಆದರೆ ಟೊಮೆಟೊ, ಕುಂಬಳ, ಹಾಗಲದ ಬೀಜಗಳು ಸಾಯದೆ ಮುಂದೆ ಕುಂಡದಲ್ಲಿ ಮೊಳೆಯುತ್ತವೆ. ಸೊರಗು ರೋಗ ತಗುಲಿದ ಬದನೆ, ಟೊಮೆಟೊ ಗಿಡಗಳನ್ನು ಇಂತಹ ಮಡಕೆಗೆ ಹಾಕಿದರೆ ರೋಗವನ್ನು ಕೈಯಾರೆ ಕೈತೋಟಕ್ಕೆ ಹಂಚಿದಂತೆ. ಪಾರ್ಥೇನಿಯಂ ಗಿಡವನ್ನು ಹೂ ಬಿಡುವ ಮುನ್ನವೇ ಕಿತ್ತು ಬಳಸಬೇಕು, ಅದೂ ದೊಡ್ಡ ರಾಶಿಯಲ್ಲಿ ಮಾತ್ರ.

ಪಾಠದ ದಿನಗಳು

ಮೊದಲ ದಿನ ಕಲಿಯುವವರೇ ರಾಶಿ ಕಟ್ಟಬೇಕು. ತರಬೇತುದಾರರು ಸಲಿಕೆ ಹಿಡಿಯದಿರುವುದು ಒಳ್ಳೆಯದು. ತಳದಲ್ಲಿ ಗಾಳಿಯಾಡಲು ತೊಗರಿ ಕಟ್ಟಿಗೆ ಅಥವಾ ಒಣ ಕಡ್ಡಿಗಳ ಪದರ, ಅದರ ಮೇಲೆ ಒಣ ಎಲೆ, ಹಸಿ ಕಸ, ಸೆಗಣಿ ಬಗ್ಗಡ, ತೆಳುವಾಗಿ ಮಣ್ಣು; ಹೀಗೆಯೇ ಪದರದ ಮೇಲೆ ಪದರ. ತೇವಾಂಶ ಶೇ 50ರಿಂದ 60ರಷ್ಟಿರಬೇಕು. ಇದನ್ನು ಅಳೆಯಲು ಉಪಕರಣ ಬೇಕಿಲ್ಲ: ಒಂದು ಮುಷ್ಟಿ ಕಸವನ್ನು ಬಿಗಿಯಾಗಿ ಹಿಂಡಿದಾಗ ಬೆರಳ ಸಂದಿಯಲ್ಲಿ ಒಂದೆರಡು ಹನಿ ಮೂಡಿದರೆ ಹದ, ಧಾರೆಯಾಗಿ ಇಳಿದರೆ ನೀರು ಹೆಚ್ಚು, ಕೈ ಬಿಟ್ಟೊಡನೆ ಪುಡಿಯಾಗಿ ಉದುರಿದರೆ ಕಡಿಮೆ. ಬಂದವರೆಲ್ಲರೂ, ಕೈ ಕೊಳೆಯಾಗುವುದೆಂದು ಹಿಂಜರಿಯುವವರೂ ಸೇರಿದಂತೆ, ಈ ಪರೀಕ್ಷೆಯನ್ನು ತಾವೇ ಮಾಡಬೇಕು. ಮುಂದಿನ ಮೂರು ತಿಂಗಳ ಪಾಠ ನಿಂತಿರುವುದು ಆ ಮುಷ್ಟಿಯ ಮೇಲೆಯೇ.

ನಾಲ್ಕನೆಯ ಅಥವಾ ಐದನೆಯ ದಿನ ಎಲ್ಲರೂ ಮತ್ತೆ ಸೇರಲಿ. ಕಬ್ಬಿಣದ ಸರಳೊಂದನ್ನು ರಾಶಿಯ ನಡುವಿಗೆ ಚುಚ್ಚಿ ಹತ್ತು ನಿಮಿಷ ಬಿಟ್ಟು ಹೊರತೆಗೆದರೆ, ಅದರ ತುದಿ ಹಿಡಿಯಲಾಗದಷ್ಟು ಬಿಸಿಯಾಗಿರುತ್ತದೆ. ಸೂಕ್ಷ್ಮಾಣುಗಳ ಬಗ್ಗೆ ಒಂದು ಗಂಟೆ ಮಾತನಾಡಿದರೂ ಮೂಡದ ನಂಬಿಕೆ ಆ ಬಿಸಿ ಸರಳಿನಿಂದ ಮೂಡುತ್ತದೆ. ಸರಳು ತಣ್ಣಗಿದ್ದರೆ ಪಾಠ ಇನ್ನೂ ಚೆನ್ನಾಗಿ ಆಗುತ್ತದೆ: ಒಣಗಿದೆಯೇ, ಹಸಿ ಕಸ ಸಾಲದೇ, ರಾಶಿ ಚಿಕ್ಕದಾಯಿತೇ ಎಂದು ಕಲಿಯುವವರೇ ಕಾರಣ ಹುಡುಕಬೇಕಾಗುತ್ತದೆ.

ಹದಿನೈದನೆಯ ದಿನದ ಭೇಟಿಯನ್ನು ಯಾವ ಕಾರಣಕ್ಕೂ ಬಿಡಬಾರದು. ಹೆಚ್ಚಿನವರು ಕೈಬಿಡುವ ಹಂತ ಇದೇ. ಕೊಳೆತ ಮೊಟ್ಟೆಯ ವಾಸನೆ ಇದ್ದರೆ ಒಳಗೆ ಗಾಳಿಯಿಲ್ಲ, ನೀರು ಹೆಚ್ಚಾಗಿದೆ ಎಂದರ್ಥ. ರಾಶಿಯನ್ನು ತಿರುವಿ ಹಾಕಿ, ಒಣ ಎಲೆ ಬೆರೆಸಬೇಕು. ಮೂಗಿಗೆ ಘಾಟು ಹೊಡೆಯುವ ಅಮೋನಿಯಾ ವಾಸನೆ ಇದ್ದರೆ ಸಾರಜನಕ ಗಾಳಿಗೆ ಹೋಗುತ್ತಿದೆ. ಅದಕ್ಕೂ ಒಣ ಎಲೆಯೇ ಔಷಧ. ಹುಳಿ ವಾಸನೆ ಅನ್ನ, ಸಾರು, ಮಜ್ಜಿಗೆಗಳ ಉಳಿಕೆ ಒಂದೆಡೆ ಮುದ್ದೆಗಟ್ಟಿರುವುದನ್ನು ಸೂಚಿಸುತ್ತದೆ. ಕಂದು ಬಣ್ಣದ ಚಪ್ಪಟೆ ಮರಿಹುಳುಗಳು ಕಂಡರೆ ಗಾಬರಿ ಬೇಡ. ಅವು ಬಹುಮಟ್ಟಿಗೆ ಕಸ ತಿಂದು ಬದುಕುವ ಕಪ್ಪು ಸೈನಿಕ ನೊಣದ ಮರಿಗಳು. ಗಿಡಕ್ಕೂ ಮನುಷ್ಯರಿಗೂ ಉಪದ್ರವವಿಲ್ಲ, ಕಸವನ್ನು ಬೇಗನೆ ಕರಗಿಸುತ್ತವೆ. ತೆಂಗಿನ ತೋಟಗಳ ನಡುವಿನ ತಿಪ್ಪೆಯಲ್ಲಿ ಕಾಣುವ, ಬಿಳಿಯಾಗಿ ಮುರುಟಿ ಮಲಗಿರುವ ದಪ್ಪ ಹುಳುಗಳ ವಿಷಯ ಬೇರೆ. ಅವು ತೆಂಗಿನ ಸುಳಿಯನ್ನು ಕೊರೆಯುವ ಕುರುವಾಯಿ ದುಂಬಿಯ ಮರಿಗಳಾಗಿರಬಹುದು. ಅವುಗಳನ್ನು ಆರಿಸಿ ನಾಶಪಡಿಸಿ, ತಿಪ್ಪೆಗೆ ಮೆಟಾರೈಜಿಯಂ ಶಿಲೀಂಧ್ರವನ್ನು ಸೇರಿಸಬೇಕು.

ಅಲ್ಲಿಂದ ಮುಂದಿನ ಭೇಟಿಗಳು ಹದಿನೈದು ದಿನಕ್ಕೊಮ್ಮೆಯಾದರೂ ಸಾಕು. ತಿರುವಿ ಹಾಕುವುದು, ನೀರಿನ ಹದ ನೋಡುವುದು, ಅಷ್ಟೇ ಕೆಲಸ.

ಇಂದೋರ್ ಪದ್ಧತಿಯೋ, ಬೆಂಗಳೂರು ಪದ್ಧತಿಯೋ?

ಈ ಎರಡು ಹೆಸರುಗಳನ್ನು ಬೆರೆಸಿ ಹೇಳುವುದರಿಂದ ಕಲಿಯುವವರಲ್ಲಿ ಗೊಂದಲ ಉಂಟಾಗುತ್ತದೆ. ಇಂದೋರಿನ ಸಸ್ಯೋದ್ಯಮ ಸಂಸ್ಥೆಯಲ್ಲಿ ಆಲ್ಬರ್ಟ್ ಹೋವರ್ಡ್ ಮತ್ತು ಯಶವಂತ ವಾಡ್ ಅವರು ರೂಪಿಸಿ 1931ರಲ್ಲಿ ಪುಸ್ತಕವಾಗಿ ಪ್ರಕಟಿಸಿದ ಪದ್ಧತಿಯಲ್ಲಿ ರಾಶಿಯನ್ನು ಆಗಾಗ್ಗೆ ತಿರುವಿ ಹಾಕಿ ಗಾಳಿಯಾಡಿಸಬೇಕು. ಮೂರು ನಾಲ್ಕು ತಿಂಗಳಲ್ಲಿ ಗೊಬ್ಬರ ಸಿದ್ಧ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್. ಆಚಾರ್ಯ ಅವರು 1939ರಲ್ಲಿ ರೂಪಿಸಿದ ಪದ್ಧತಿಯಲ್ಲಿ ಸುಮಾರು ಒಂದು ಮೀಟರ್ ಆಳದ ಗುಂಡಿಯಲ್ಲಿ ಕಸವನ್ನು ಪದರಗಳಾಗಿ ತುಂಬಿ, ನೆಲಮಟ್ಟಕ್ಕಿಂತ ಮೇಲೆ ಗೋಪುರದಂತೆ ಏರಿಸಿ, ಮಣ್ಣಿನಿಂದ ಮುಚ್ಚಿ ಮೆತ್ತಲಾಗುತ್ತದೆ. ತಿರುವಿ ಹಾಕುವ ಶ್ರಮವಿಲ್ಲ, ನೀರೂ ಕಡಿಮೆ ಸಾಕು. ಮೊದಲ ಕೆಲವು ದಿನಗಳ ಅನಂತರ ಗಾಳಿಯಿಲ್ಲದೆಯೇ ಕಳಿಯುವುದರಿಂದ ಆರರಿಂದ ಎಂಟು ತಿಂಗಳು ಹಿಡಿಯುತ್ತದೆ.

ಕೂಲಿಯಾಳು ದುರ್ಲಭವಾದ, ನೀರು ಕಡಿಮೆಯಿರುವ ಬಯಲುಸೀಮೆಯ ಹಿಡುವಳಿಗಳಿಗೆ ಬೆಂಗಳೂರು ಪದ್ಧತಿ ಹೊಂದುತ್ತದೆ. ಆದರೆ ಪಾಠಕ್ಕೆ ಅದು ಹೊಂದುವುದಿಲ್ಲ ಎಂಬುದು ನಮ್ಮ ಅಭಿಪ್ರಾಯ. ಮೆತ್ತಿ ಮುಚ್ಚಿದ ಗುಂಡಿಯೊಳಗೆ ನೋಡುವುದಾದರೂ ಏನನ್ನು? ಕಲಿಸುವಾಗ ತಿರುವಿ ಹಾಕುವ ರಾಶಿಯನ್ನೇ ಆರಿಸಿಕೊಳ್ಳಬೇಕು. ಮಲೆನಾಡು, ಕರಾವಳಿಗಳಲ್ಲಿ ಮಳೆಗಾಲದಲ್ಲಿ ಗುಂಡಿ ಕೆರೆಯಾಗುವುದರಿಂದ ನೆಲದ ಮೇಲಿನ ರಾಶಿ, ಅದಕ್ಕೊಂದು ಚಪ್ಪರ ಅನಿವಾರ್ಯ.

ಎರೆಹುಳು ಗೊಬ್ಬರವನ್ನು ಎರಡನೆಯ ಹಂತದಲ್ಲಿ ಕಲಿಸಬಹುದು. ಹಸಿ ಕಸದ ಶಾಖಕ್ಕೆ ಹುಳುಗಳು ಸಾಯುತ್ತವೆ; 15ರಿಂದ 20 ದಿನ ಅರೆಕಳಿತು ತಣಿದ ಕಸಕ್ಕೆ ಮಾತ್ರ ಅವನ್ನು ಬಿಡಬೇಕೆಂಬುದು ಮೊದಲ ರಾಶಿಯ ಬಿಸಿಯನ್ನು ಕಂಡವರಿಗೆ ಮತ್ತೆ ವಿವರಿಸಬೇಕಾಗಿಲ್ಲ.

ಮಾಗಿತೇ, ಇಲ್ಲವೇ?

ಅರೆಬೆಂದ ಗೊಬ್ಬರದಿಂದ ಆಗುವ ಹಾನಿಯನ್ನು ಕೈಪಿಡಿಗಳು ಒಂದು ಸಾಲಿನಲ್ಲಿ ಮುಗಿಸುತ್ತವೆ. ವಾಸ್ತವದಲ್ಲಿ ಸಾವಯವ ಕೈತೋಟದ ಮೇಲೆ ಜನರ ವಿಶ್ವಾಸ ಕುಸಿಯುವುದು ಇಲ್ಲಿಯೇ. ಇಂಗಾಲ ಇನ್ನೂ ಹೆಚ್ಚಿರುವ ಗೊಬ್ಬರವನ್ನು ಪಾತಿಗೆ ಹಾಕಿದಾಗ ಸೂಕ್ಷ್ಮಾಣುಗಳು ಅದನ್ನು ಕಳಿಸಲು ಮಣ್ಣಿನಲ್ಲಿದ್ದ ಸಾರಜನಕವನ್ನೇ ಹೀರಿಕೊಳ್ಳುತ್ತವೆ; ಗಿಡದ ಎಲೆಗಳು ಹಳದಿಯಾಗಿ ಬೆಳವಣಿಗೆ ನಿಲ್ಲುತ್ತದೆ. ಕಳಿಯುವಾಗ ಹುಟ್ಟುವ ಆಮ್ಲಗಳು ಎಳೆಯ ಬೇರನ್ನು ಸುಡುತ್ತವೆ. ಒಣ ಕೆಂಪು ಮಣ್ಣಿನಲ್ಲಿ ಗೆದ್ದಲೂ ಮುತ್ತುತ್ತದೆ. ಮೂರು ತಿಂಗಳು ಶ್ರಮಿಸಿದವರು ತಮ್ಮ ಮೆಂತ್ಯ, ದಂಟುಗಳ ಪಾತಿ ಸೊರಗಿದುದನ್ನು ಕಂಡು "ಗೊಬ್ಬರವೇ ಕೆಟ್ಟದ್ದು" ಎಂಬ ನಿರ್ಧಾರಕ್ಕೆ ಬಂದರೆ ಅವರನ್ನು ಮತ್ತೆ ಕರೆತರುವುದು ಕಷ್ಟ.

ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಮಾರಾಟಕ್ಕೆ ಬರುವ ನಗರ ಕಾಂಪೋಸ್ಟ್‌ನಲ್ಲಿ ಇಂಗಾಲ-ಸಾರಜನಕ ಅನುಪಾತ 20ಕ್ಕಿಂತ ಕಡಿಮೆಯಿರಬೇಕು. ಮನೆಯಲ್ಲಿ ಈ ಅನುಪಾತ ಅಳೆಯಲಾಗದು, ಆದರೆ ಎರಡು ಪರೀಕ್ಷೆಗಳನ್ನು ಮಕ್ಕಳೂ ಮಾಡಬಲ್ಲರು. ತೇವವಾಗಿರುವ ಗೊಬ್ಬರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಮೂರು ನಾಲ್ಕು ದಿನ ಇಟ್ಟು ಬಿಚ್ಚಿದಾಗ, ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ ಬಂದರೆ ಮಾಗಿದೆ. ಹುಳಿ ಅಥವಾ ಕೊಳೆತ ವಾಸನೆ ಬಂದರೆ ಇನ್ನೂ ಕಾಯಬೇಕು. ಎರಡನೆಯದು ಮೊಳಕೆಯ ಪರೀಕ್ಷೆ: ಒಂದು ತಟ್ಟೆಯಲ್ಲಿ ಬರಿಯ ಮಣ್ಣು, ಇನ್ನೊಂದರಲ್ಲಿ ಅದೇ ಮಣ್ಣಿಗೆ ಸಮಪಾಲು ಗೊಬ್ಬರ, ಎರಡರಲ್ಲಿಯೂ ಇಪ್ಪತ್ತು ಮೆಂತ್ಯ ಕಾಳು. ವಾರದೊಳಗೆ ಎರಡನೆಯ ತಟ್ಟೆಯಲ್ಲಿ ಮೊಳಕೆ ಕಡಿಮೆಯಾದರೆ ಅಥವಾ ಬೇರಿನ ತುದಿ ಕಂದಾಗಿದ್ದರೆ ಗೊಬ್ಬರ ಬಳಕೆಗೆ ಸಿದ್ಧವಾಗಿಲ್ಲ.

ರಾಶಿ ಯಾರದು?

ಸಮುದಾಯದ ರಾಶಿ ಎಲ್ಲರದೂ ಆಗಿ, ಕೊನೆಗೆ ಯಾರದೂ ಆಗದಿರುವ ಅಪಾಯವಿದೆ. ತುಂಬುವ ದಿನ ಐವತ್ತು ಮಂದಿ, ತಿರುವಿ ಹಾಕುವ ದಿನ ಇಬ್ಬರು. ಆದ್ದರಿಂದ ಹತ್ತು ಹನ್ನೆರಡು ಮನೆಗಳಿಗೆ ಒಂದು ರಾಶಿ, ವಾರಕ್ಕೊಂದು ಮನೆಯ ಸರದಿ, ಗೋಡೆಯ ಮೇಲೆ ದಿನಾಂಕ ಮತ್ತು ಹೆಸರು ಬರೆಯುವ ಒಂದು ಹಲಗೆ ಇರಲಿ. ಸಿದ್ಧವಾದ ಗೊಬ್ಬರದ ಹಂಚಿಕೆಯನ್ನು ರಾಶಿ ಹಾಕುವ ಮೊದಲೇ ತೀರ್ಮಾನಿಸಿಕೊಳ್ಳಬೇಕು. ತಿರುವಿ ಹಾಕಿದವರಿಗೆ ಹೆಚ್ಚು ಪಾಲು ಸಲ್ಲುವುದು ನ್ಯಾಯ. ಪೌರಕಾರ್ಮಿಕರೋ ತೋಟದ ಮಾಲಿಯೋ ಈ ಕೆಲಸವನ್ನು ನಿರ್ವಹಿಸುವಲ್ಲಿ ಅವರಿಗೆ ಕೈಗವಸು, ಕೂಲಿ, ಗೊಬ್ಬರದಲ್ಲಿ ಪಾಲು ಮೂರೂ ದೊರೆಯಬೇಕು.

ಬೇರ್ಪಡಿಸುವಿಕೆ ಮನೆಯಲ್ಲಿಯೇ ಆಗಬೇಕು. ಬೆಂಗಳೂರಿನಲ್ಲಿ 2015ರ ಡಿಸೆಂಬರಿನಲ್ಲಿ ಉಚ್ಚ ನ್ಯಾಯಾಲಯವು ಎರಡು ಬುಟ್ಟಿ, ಒಂದು ಚೀಲದ ಪದ್ಧತಿಯನ್ನು ಕಡ್ಡಾಯಗೊಳಿಸಿತು. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಮೂಲದಲ್ಲಿಯೇ ಬೇರ್ಪಡಿಸುವುದನ್ನು ದೇಶದಾದ್ಯಂತ ಕಸ ಉತ್ಪಾದಿಸುವವರ ಹೊಣೆಯನ್ನಾಗಿಸಿದವು. ಹಾಲಿನ ಪೊಟ್ಟಣದ ಕತ್ತರಿಸಿದ ಒಂದು ತುಂಡು ಕಾಂಪೋಸ್ಟ್‌ನಲ್ಲಿ ಕಳಿಯುವುದಿಲ್ಲ, ಜರಡಿಯಲ್ಲಿಯೂ ಎಷ್ಟೋ ಸಲ ತಪ್ಪಿಸಿಕೊಂಡು ಹೊಲ ಸೇರುತ್ತದೆ. ನಗರವಾಸಿಗಳು ಬಗೆಬಗೆಯ ತೊಟ್ಟಿಗಳನ್ನು ಕೊಳ್ಳುವ ಮೊದಲು ಹೋಲಿಸಿ ನೋಡಲು ಬೆಂಗಳೂರಿನ ಎಚ್.ಎಸ್.ಆರ್. ಬಡಾವಣೆಯ ಸ್ವಚ್ಛಾಗ್ರಹ ಕಲಿಕಾ ಕೇಂದ್ರದಂತಹ ಕಡೆಗಳಿಗೆ ಒಮ್ಮೆ ಭೇಟಿ ನೀಡಬಹುದು.

ಕೈತೋಟಕ್ಕೆ ಎಷ್ಟು?

ತರಕಾರಿ ಬೆಳೆಗಳಿಗೆ ಹೆಕ್ಟೇರಿಗೆ 25 ಟನ್ ಕೊಟ್ಟಿಗೆ ಗೊಬ್ಬರ ಎಂಬ ಶಿಫಾರಸನ್ನು ಕೈತೋಟಕ್ಕೆ ಇಳಿಸಿದರೆ ಚದರ ಮೀಟರಿಗೆ ಎರಡೂವರೆ ಕಿಲೋ ಆಗುತ್ತದೆ. ಕುಂಡಗಳಿಗೆ ಕೆಂಪು ಮಣ್ಣು, ಕಾಂಪೋಸ್ಟ್, ಮರಳು ಅಥವಾ ತೆಂಗಿನ ನಾರಿನ ಪುಡಿ ಸಮಪಾಲು. ನಾಲ್ಕೈದು ಮಂದಿಯ ಮನೆಯಲ್ಲಿ ದಿನಕ್ಕೆ ಒಂದು ಕಿಲೋ ಹಸಿ ಕಸ ಬಂದರೆ, ನೀರಿನಂಶ ಕಳೆದು ಮೂರು ತಿಂಗಳಿಗೆ ಅಂದಾಜು ಇಪ್ಪತ್ತು ಕಿಲೋ ಗೊಬ್ಬರ ದೊರೆಯಬಹುದು. ಅದು ಎಂಟು ಚದರ ಮೀಟರ್ ಪಾತಿಗೆ ಸಾಲುತ್ತದೆ, ಅದಕ್ಕಿಂತ ಹೆಚ್ಚಿಲ್ಲ. ಅಡುಗೆಮನೆಯ ಕಸದಿಂದಲೇ ಇಡೀ ಹಿತ್ತಲನ್ನು ಬೆಳೆಸಬಹುದೆಂಬ ಭರವಸೆಯನ್ನು ತರಬೇತಿಯಲ್ಲಿ ಕೊಡಬಾರದು. ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಸರಾಸರಿ ಶೇ 0.5 ಮಾತ್ರ, ಅದೂ ಮೊದಲ ಬೆಳೆಗೇ ಪೂರ್ಣ ಸಿಗುವುದಿಲ್ಲ. ಮನೆಯ ಕಾಂಪೋಸ್ಟ್‌ನಿಂದಲೂ ಇದಕ್ಕಿಂತ ಬಹಳ ಹೆಚ್ಚನ್ನು ನಿರೀಕ್ಷಿಸಬಾರದು. ಬದನೆ, ಮೆಣಸಿನಂತಹ ಹೆಚ್ಚು ಆಹಾರ ಬೇಡುವ ಗಿಡಗಳಿಗೆ ಬೇವಿನ ಹಿಂಡಿ, ಹಸಿರೆಲೆ ಗೊಬ್ಬರಗಳೂ ಬೇಕು. ಅವರೆ, ಅಲಸಂದೆಗಳನ್ನು ಸರದಿಯಲ್ಲಿ ಬೆಳೆದರೆ ಅನುಕೂಲ.

ಪಾಠವನ್ನು ಫೆಬ್ರವರಿ ಕೊನೆಯಲ್ಲಿ ಆರಂಭಿಸಿದರೆ ಅನುಕೂಲ ಹೆಚ್ಚು. ಹೊಂಗೆ ಮುಂತಾದ ಮರಗಳು ಎಲೆ ಉದುರಿಸುವ ಕಾಲವದು. ಬೀದಿಬದಿಯಲ್ಲಿ ಬೆಂಕಿಗೆ ಬೀಳುವ ತರಗೆಲೆಯನ್ನು ಗೋಣಿಚೀಲಗಳಲ್ಲಿ ತುಂಬಿಟ್ಟುಕೊಂಡರೆ ವರ್ಷವಿಡೀ ಹಸಿ ಕಸಕ್ಕೆ ಬೆರೆಸಲು ಒದಗುತ್ತದೆ. ಗೊಬ್ಬರ ಜೂನ್ ಹೊತ್ತಿಗೆ ಮಾಗಿ ಮುಂಗಾರಿನ ಬಿತ್ತನೆಗೆ ಸಿಗುತ್ತದೆ. ಜರಡಿ ಹಿಡಿದಾಗ ಮೇಲೆ ಉಳಿಯುವ ಕಡ್ಡಿ, ಸಿಪ್ಪೆಗಳನ್ನು ಎಸೆಯದೆ ಹೊಸ ರಾಶಿಯ ಪದರಗಳ ನಡುವೆ ಹರಡಬೇಕು. ಅವುಗಳಲ್ಲಿ ನೆಲೆಸಿರುವ ಸೂಕ್ಷ್ಮಾಣುಗಳು ಮುಂದಿನ ರಾಶಿಗೆ ಹೆಪ್ಪಾಗುತ್ತವೆ.