ಬ್ಯಾಟರಿಯ ವಯಸ್ಸು ಬಲ್ಲವರಾರು?

ಕಳೆದ ಬೇಸಿಗೆಯಲ್ಲಿ ನನ್ನ ನಾಲ್ಕು ವರ್ಷ ಹಳೆಯ ವಿದ್ಯುತ್ ಸ್ಕೂಟರ್ ಮೇಲ್ಸೇತುವೆಯ ಏರಿನಲ್ಲಿ ಹಠಾತ್ತನೆ ನಿಂತುಬಿಟ್ಟಿತು. ಶೇ 18ರಷ್ಟು ಚಾರ್ಜ್ ಉಳಿದಿದೆಯೆಂದು ಫಲಕ ಆಗಲೂ ಸಾರುತ್ತಿತ್ತು. ಹಿಂದಿದ್ದ ಲಾರಿಯ ಚಾಲಕ ಎಚ್ಚರವಾಗಿದ್ದುದರಿಂದ ಇದನ್ನು ಬರೆಯಲು ಉಳಿದಿದ್ದೇನೆ. ಸೇವಾ ಕೇಂದ್ರದವರು ಪರೀಕ್ಷಿಸಿ, ‘ದೋಷವೇನೂ ಇಲ್ಲ’ ಎಂದರು. ಒಂದರ್ಥದಲ್ಲಿ ಅದು ನಿಜವಿರಬಹುದು. ಏನೂ ಕೆಟ್ಟಿರಲಿಲ್ಲ, ಬ್ಯಾಟರಿಗೆ ವಯಸ್ಸಾಗಿತ್ತು, ನಿಯಂತ್ರಕಕ್ಕೆ ಅದು ತಿಳಿದಿರಲಿಲ್ಲ.

ಬ್ಯಾಟರಿಯಲ್ಲಿ ಉಳಿದಿರುವ ವಿದ್ಯುತ್ತನ್ನು ಪೆಟ್ರೋಲಿನಂತೆ ನೇರವಾಗಿ ಅಳೆಯಲಾಗದು. ಒಳಹೋದ, ಹೊರಬಂದ ಪ್ರವಾಹದ ಲೆಕ್ಕವಿಟ್ಟು ಅಂದಾಜು ಮಾಡಬೇಕು. ಖಜಾನೆಯ ಪ್ರಾರಂಭಿಕ ಶಿಲ್ಕನ್ನೇ ತಪ್ಪಾಗಿ ಬರೆದುಕೊಂಡರೆ ದಿನವಹಿ ಎಷ್ಟೇ ಅಚ್ಚುಕಟ್ಟಾಗಿದ್ದರೂ ಫಲವೇನು? ಲಿಥಿಯಂ ಕೋಶಗಳು ಹಳತಾದಂತೆ ಅವುಗಳ ಧಾರಣಶಕ್ತಿ ಕುಗ್ಗುತ್ತದೆ, ಆಂತರಿಕ ರೋಧ ಏರುತ್ತದೆ. ಏರುದಾರಿಯಲ್ಲಿ ಹೆಚ್ಚು ಪ್ರವಾಹ ಎಳೆದಾಗ ವೋಲ್ಟೇಜ್ ಕುಸಿದು ರಕ್ಷಣಾ ವ್ಯವಸ್ಥೆ ಸಂಪರ್ಕ ಕಡಿಯುತ್ತದೆ. ಸರಣಿಯಲ್ಲಿ ಜೋಡಿಸಿದ ಕೋಶಗಳಲ್ಲಿ ಅತಿ ದುರ್ಬಲವಾದುದೇ ಇಡೀ ಕಟ್ಟಿನ ಮಿತಿಯನ್ನು ನಿರ್ಧರಿಸುತ್ತದೆ. ಪ್ರವಾಹವನ್ನು ಅಳೆಯುವ ಸಂವೇದಕವೂ ಕಾಲಕ್ರಮೇಣ ದಾರಿ ತಪ್ಪಬಹುದು.

ಇದಕ್ಕೆ ಮದ್ದಿಲ್ಲವೆಂದಲ್ಲ. ಅಂದಾಜನ್ನು ಪ್ರತಿ ಅಳತೆಯೊಂದಿಗೆ ಹೋಲಿಸಿ ತಿದ್ದಿಕೊಳ್ಳುತ್ತ ಸಾಗುವ ಗಣಿತವಿಧಾನವನ್ನು ರುಡಾಲ್ಫ್ ಕಾಲ್ಮನ್ 1960ರಲ್ಲೇ ಪ್ರಕಟಿಸಿದರು. ಅಪೊಲೊ ನೌಕೆಗಳ ಪಥನಿರ್ಣಯಕ್ಕೂ ಅದು ಒದಗಿತು. ಅದೇ ಬಗೆಯ ವಿಧಾನದಿಂದ ಕೋಶದ ಚಾರ್ಜನ್ನಷ್ಟೇ ಅಲ್ಲ, ಅದರ ಮುಪ್ಪನ್ನೂ ಅಂದಾಜಿಸಬಹುದು. ಆಗ ನಿಯಂತ್ರಕ ಮುಂಚಿತವಾಗಿ ಎಚ್ಚರಿಸಿ, ಶಕ್ತಿಯನ್ನು ಹಂತಹಂತವಾಗಿ ತಗ್ಗಿಸೀತು. ಆದರೆ ನಿಖರವಾದ ಸಂವೇದಕಕ್ಕೆ, ಹಳೆಯ ಕೋಶಗಳ ಮೇಲಿನ ಪರೀಕ್ಷೆಗೆ ಹಣ ಬೇಕು. ಆ ವೆಚ್ಚ ಮಾರಾಟದ ದಿನ ಗ್ರಾಹಕನ ಕಣ್ಣಿಗೆ ಬೀಳುವುದಿಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇದು ಪರಿಚಿತ ಸಂಗತಿ. ಮಾರುವವನಿಗೆ ಗೊತ್ತಿರುವ ದೋಷ ಕೊಳ್ಳುವವನಿಗೆ ಗೊತ್ತಿಲ್ಲದಿದ್ದರೆ ಮಾರುಕಟ್ಟೆಯೇ ಕೆಡುತ್ತದೆಂದು ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಉದಾಹರಣೆಯಿಂದಲೇ ತೋರಿಸಿದ್ದರು. ಇಲ್ಲಿ ಮಾರುವವನಿಗೂ ಗೊತ್ತಿರುವುದಿಲ್ಲ!

2022ರ ಸ್ಕೂಟರ್ ಬೆಂಕಿ ಪ್ರಕರಣಗಳ ನಂತರ ಕೇಂದ್ರ ಸರ್ಕಾರ ಬ್ಯಾಟರಿ ಸುರಕ್ಷತೆಯ ಮಾನದಂಡಗಳನ್ನು ಬಿಗಿಗೊಳಿಸಿದ್ದು ಸ್ವಾಗತಾರ್ಹ. ಐರೋಪ್ಯ ಒಕ್ಕೂಟದ 2023ರ ಬ್ಯಾಟರಿ ನಿಯಮ ಇನ್ನೊಂದು ಹೆಜ್ಜೆ ಮುಂದಿಟ್ಟು, ಬ್ಯಾಟರಿಯ ಆರೋಗ್ಯದ ಮಾಹಿತಿಯನ್ನು ಓದುವ ಹಕ್ಕನ್ನು ಕೊಂಡವರಿಗೆ ನೀಡಿದೆ. ನಮ್ಮಲ್ಲೂ ವಾಹನದ ಮಾಲೀಕತ್ವ ವರ್ಗಾವಣೆಯ ವೇಳೆ ಆ ಅಂಕಿಯನ್ನು ನಮೂದಿಸುವುದು ಕಡ್ಡಾಯವಾಗಲಿ. ಇನ್ನೊಂದು ನಮೂನೆಯೇ ಎಂದು ಗೊಣಗುವವರಿದ್ದಾರೆ. ಸೇವೆಯಲ್ಲಿದ್ದಾಗ ನಾನೂ ಗೊಣಗಿದವನೇ.

ಮೊನ್ನೆ ನಮ್ಮ ಬೀದಿಗೆ ದಿನಸಿ ತಲುಪಿಸುವ ಹುಡುಗ ಸ್ಕೂಟರನ್ನು ಮಾರುತ್ತೀರಾ ಎಂದು ಕೇಳಿದ. ಮೇಲ್ಸೇತುವೆಯ ಪ್ರಸಂಗವನ್ನು ವಿವರವಾಗಿ ಹೇಳಿದೆ. ಎಲ್ಲವನ್ನೂ ಕೇಳಿಸಿಕೊಂಡು, ‘ಕಡೆಯ ಬೆಲೆ ಎಷ್ಟು ಸರ್?’ ಎಂದ.