ಹಬ್ಬದ ಪತ್ರಿಕೆ ಬರೆಯುವ ಮಕ್ಕಳು

ಚೀನಾದ ಪ್ರಾಥಮಿಕ ಶಾಲೆಗಳಲ್ಲಿ ಹಬ್ಬಕ್ಕಿಂತ ಮೊದಲೇ ಹಬ್ಬದ ಪತ್ರಿಕೆ ಬರುತ್ತದೆ. ಶೋಛಾವ್‌ಬಾವ್ ಅಂತ ಅದರ ಹೆಸರು. ಹೆಚ್ಚುಕಡಿಮೆ ಎ3 ಅಳತೆಯ ಒಂದೇ ಒಂದು ಹಾಳೆ. ಅದರಲ್ಲೇ ದಪ್ಪಕ್ಷರದ ತಲೆಬರಹ, ಎರಡೋ ಮೂರೋ ಪುಟ್ಟ ಬರಹ, ಚಿತ್ರ, ಅಂಚಿಗೊಂದು ಬಳ್ಳಿ. ಎಲ್ಲವನ್ನೂ ಮಗು ತನ್ನ ಕೈಯಾರೆ ಮಾಡಬೇಕು. ನಮ್ಮಲ್ಲಿ ಶಾಲೆ, ಕಾಲೇಜಿನ ಭಿತ್ತಿಪತ್ರಿಕೆಗೆ ಬರೆದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಗಂಡನ ಕೆಲಸದಿಂದಾಗಿ ನಾವು ಇರುವುದು ಸುಝೌ ನಗರದಲ್ಲಿ. ಮಗಳು ಇಲ್ಲಿನ ಶಾಲೆಗೇ ಹೋಗುತ್ತಾಳೆ. ದುವಾನ್‌ವು ಹಬ್ಬ ಹತ್ತಿರ ಬಂತೆಂದರೆ ನಮ್ಮ ಕಟ್ಟಡದ ನಾಲ್ಕಾರು ಮಕ್ಕಳು ಹಾಳೆ, ಸ್ಕೆಚ್‌ಪೆನ್ನು ಹಿಡಿದು ನಮ್ಮ ಊಟದ ಮೇಜಿಗೆ ಬಂದು ಕೂರುತ್ತಾರೆ. ಚೀನೀ ಚಾಂದ್ರಮಾನದ ಐದನೇ ತಿಂಗಳ ಐದನೇ ದಿನ ಬರುವ, ದೋಣಿ ಪಂದ್ಯ ಮತ್ತು ಎಲೆಯಲ್ಲಿ ಕಟ್ಟಿದ ಅಕ್ಕಿ ಕಡುಬಿನ ಹಬ್ಬ ಇದು. ಸಾಮಾನ್ಯವಾಗಿ ನಮ್ಮ ಜ್ಯೇಷ್ಠ ಶುಕ್ಲ ಪಂಚಮಿಯ ಆಸುಪಾಸಿಗೆ ಬೀಳುತ್ತದೆ. 2025ರಲ್ಲಿ ಮೇ 31ಕ್ಕೇ ಬಂದಿತ್ತು.

ಮಕ್ಕಳಿಗೆ ಇದು ಸುಲಭದ ಕೆಲಸವಲ್ಲ. ಮೊಬೈಲಿನಲ್ಲಿ ಹುಡುಕಿದರೆ ಸಿದ್ಧ ಮಾದರಿಗಳು ರಾಶಿ ರಾಶಿ ಸಿಗುತ್ತವೆ. ಪೆನ್ಸಿಲ್ ಆಡಿಸಿದರೆ ದೋಣಿ ಮೂಡುವ, ತೂತು ಕೊರೆದ ಪ್ಲಾಸ್ಟಿಕ್ ಹಾಳೆಗಳೂ ಮಾರಾಟಕ್ಕಿವೆ. ಅವನ್ನು ನಂಬಿದರೆ ತರಗತಿಯ ಗೋಡೆಯ ತುಂಬ ಒಂದೇ ದೋಣಿ, ಒಂದೇ ನಗುಮುಖದ ಕಡುಬು, ಒಂದೇ ನಾಲ್ಕು ಸಾಲು. ಮಕ್ಕಳಿಗೆ ಕೊಟ್ಟ ಮನೆಗೆಲಸವನ್ನು ಪಾಲಕರ ತಲೆಗೆ ಕಟ್ಟಬಾರದೆಂದು ಚೀನಾದ ಶಿಕ್ಷಣ ಸಚಿವಾಲಯ 2021ರ ಏಪ್ರಿಲ್‌ನಲ್ಲೇ ಸುತ್ತೋಲೆ ಹೊರಡಿಸಿದೆ. ಹಾಗಿದ್ದೂ ರಾತ್ರಿ ಮಗುವನ್ನು ಮಲಗಿಸಿ ತಾವೇ ಬಣ್ಣ ತುಂಬುವ ತಾಯಂದಿರನ್ನು ನಾನು ಕಂಡಿದ್ದೇನೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಆ ಹಾಳೆಯಿಂದ ಮಗುವಿಗೆ ದಕ್ಕಿದ್ದೇನು ಎಂದು ಸಂಕಟವಾಗುತ್ತದೆ.

ಹಾಗಾಗಿ ನಮ್ಮ ಮೇಜಿನಲ್ಲಿ ಮೊದಲು ಬಣ್ಣದ ಡಬ್ಬಿ ತೆರೆಯುವಂತಿಲ್ಲ. ಈ ಹಬ್ಬದಲ್ಲಿ ನೀನೇ ಕಣ್ಣಾರೆ ನೋಡಿದ್ದು ಏನು ಅಂತ ಕೇಳುತ್ತೇನೆ. ಎಲ್ಲರೂ ಮೊದಲು ಹೇಳುವುದು ಚ್ಯು ಯುವಾನ್ ಕಥೆಯನ್ನೇ. ಛೂ ರಾಜ್ಯದ ಮಂತ್ರಿ, ದೊಡ್ಡ ಕವಿ. ಗಡೀಪಾರಾಗಿದ್ದವನು. ಕ್ರಿ.ಪೂ. 278ರಲ್ಲಿ ಛಿನ್ ರಾಜ್ಯದ ಸೇನೆ ಛೂ ರಾಜಧಾನಿಯನ್ನು ಹಿಡಿದ ಮೇಲೆ ಮಿಲೋ ನದಿಗೆ ಹಾರಿ ಪ್ರಾಣಬಿಟ್ಟನೆಂದು ಪ್ರತೀತಿ. ಅವನನ್ನು ಹುಡುಕಲು ಜನ ದೋಣಿ ಬಿಟ್ಟರು, ಮೀನುಗಳು ದೇಹವನ್ನು ಮುಟ್ಟದಿರಲೆಂದು ಅನ್ನ ಎಸೆದರು. ದೋಣಿ ಪಂದ್ಯಕ್ಕೂ ಎಲೆಯಲ್ಲಿ ಕಟ್ಟಿದ ಅಕ್ಕಿ ಕಡುಬಿಗೂ ಈ ಕಥೆಯೇ ಮೂಲವೆಂದು ಪಠ್ಯಪುಸ್ತಕ ಓದಿದ ಮಗು ನಂಬುತ್ತದೆ. ಆದರೆ ದೋಣಿ ಹಬ್ಬ ಕವಿಗಿಂತ ಹಳೆಯದು, ದಕ್ಷಿಣದ ವೂ ಮತ್ತು ಯುಯೆ ಜನರ ಡ್ರ್ಯಾಗನ್ ಆರಾಧನೆಯಿಂದ ಹುಟ್ಟಿದ್ದು ಎಂದು ವಾದಿಸಿದವರು ವಿದ್ವಾಂಸ ವೆನ್ ಯೀದುವೊ.

ಸುಝೌ ಇರುವುದೇ ಆ ವೂ ನಾಡಿನಲ್ಲಿ. ಇಲ್ಲಿನವರು ಈ ದಿನ ನೆನೆಯುವುದು ವೂ ಝಿಶು ಎಂಬ ಮಂತ್ರಿಯನ್ನು. ಕ್ರಿ.ಪೂ. 514ರಲ್ಲಿ ಈ ನಗರವನ್ನು ಕಟ್ಟಿಸಿದವನು ಅವನೇ ಅಂತಾರೆ. ಪಕ್ಕದ ಯುಯೆ ರಾಜ್ಯವನ್ನು ನಂಬಬೇಡ ಎಂದು ದೊರೆಗೆ ಬುದ್ಧಿ ಹೇಳಿದ. ದೊರೆ ಕತ್ತಿ ಕಳಿಸಿ, ಸಾಯಿ ಅಂದ. ಅದು ಕ್ರಿ.ಪೂ. 484. ನನ್ನ ಕಣ್ಣುಗಳನ್ನು ಕಿತ್ತು ಪೂರ್ವದ ಬಾಗಿಲಿಗೆ ತೂಗುಹಾಕಿ, ಶತ್ರು ಸೇನೆ ಒಳಗೆ ಬರುವುದನ್ನು ನೋಡಬೇಕು ಎಂದು ಹೇಳಿ ಸತ್ತನಂತೆ. ದೇಹವನ್ನು ಚರ್ಮದ ಚೀಲದಲ್ಲಿ ಹಾಕಿ ನೀರಿಗೆ ಎಸೆದರು. ಮುಂದೆ ಕ್ರಿ.ಪೂ. 473ರಲ್ಲಿ ಯುಯೆ ಸೇನೆ ನಿಜಕ್ಕೂ ವೂ ರಾಜ್ಯವನ್ನು ಮುಗಿಸಿತು. ಈ ಕಥೆ ಕೇಳಿದಾಗ ಮಕ್ಕಳ ಕಣ್ಣು ಅರಳುವುದನ್ನು ನೋಡಬೇಕು! ಅವನ ಹೆಸರಿನದೇ ಎಂದು ಊರವರು ಹೇಳುವ ಶುಮೆನ್ ಬಾಗಿಲು ಇಂದಿಗೂ ಊರೊಳಗಿದೆ. ಹೋಗಿ ನೋಡಬಹುದು, ಇಟ್ಟಿಗೆ ಮುಟ್ಟಬಹುದು. 2009ರಲ್ಲಿ ಯುನೆಸ್ಕೊ ಈ ಹಬ್ಬವನ್ನು ಪರಂಪರೆಯ ಪಟ್ಟಿಗೆ ಸೇರಿಸಿದಾಗ ನಾಲ್ಕು ಊರುಗಳ ಆಚರಣೆಯನ್ನು ಹೆಸರಿಸಿತು. ಅದರಲ್ಲಿ ಸುಝೌ ಕೂಡ ಒಂದು. ಸುಝೌ ಮಗುವಿನ ಹಾಳೆಯಲ್ಲಿ ಸುಝೌ ಇರಬೇಕು ಎನ್ನುವುದು ನನ್ನ ಹಟ.

ಕಥೆಯಾದ ಮೇಲೆ ಕೈಗೆ ಸಿಗುವ ವಸ್ತು. ಹಬ್ಬದ ಮುಂಚೆ ತರಕಾರಿ ಮಾರ್ಕೆಟ್ಟಿನಲ್ಲಿ ಎರಡು ಬಗೆಯ ಸೊಪ್ಪನ್ನು ಕಂತೆ ಕಟ್ಟಿ ಮಾರುತ್ತಾರೆ, ಮನೆ ಬಾಗಿಲಿಗೆ ಸಿಗಿಸಲು. ಒಂದು ನಮ್ಮ ದವನದ ಬಳಗಕ್ಕೆ ಸೇರಿದ ಗಿಡ, ಎಲೆಯ ಬೆನ್ನು ಬೂದುಬಿಳಿ. ಇನ್ನೊಂದು ಕತ್ತಿಯಂತೆ ಉದ್ದವಾಗಿ, ನಡುವೆ ಏಣು ಇರುವ ಹಸಿರು ಎಲೆ. ಅದರ ಬುಡ ಮುರಿದು ಮೂಸಿದೆ. ಬಜೆ! ಹಸುಗೂಸಿಗೆ ತೇದು ನೆಕ್ಕಿಸುವ ಅದೇ ಬಜೆ. ನನ್ನ ಊರು ತೀರ್ಥಹಳ್ಳಿ ಕಡೆ, ಆ ವಾಸನೆಗೆ ನನಗೆ ಬೇರೆ ಪರಿಚಯ ಬೇಕಿಲ್ಲ. ಬಿಸಿಲು, ಮಳೆ ಒಟ್ಟಿಗೆ ಬಂದು ಹುಳುಹುಪ್ಪಟೆ, ಜ್ವರ ಹೆಚ್ಚುವ ಈ ತಿಂಗಳನ್ನು ಹಿಂದಿನವರು ಕೆಟ್ಟ ತಿಂಗಳೆಂದೇ ಕರೆದರು. ಘಾಟು ವಾಸನೆಯ ಸೊಪ್ಪು ಬಾಗಿಲಿಗೆ, ಗಂಧದ ಪುಡಿ ತುಂಬಿದ ರೇಷ್ಮೆಯ ಪುಟ್ಟ ಚೀಲ ಮಗುವಿನ ಕೊರಳಿಗೆ, ಐದು ಬಣ್ಣದ ದಾರ ಮಣಿಕಟ್ಟಿಗೆ ಬಂದದ್ದು ಹಾಗೆ. ಆ ಎಲೆಯನ್ನು ಮೇಜಿನ ಮೇಲಿಟ್ಟು ನೋಡಿ ಬರೆಯಲು ಹೇಳಿದರೆ ಮಕ್ಕಳು ಏಣನ್ನು ಬಿಡದೆ ಬರೆಯುತ್ತಾರೆ. ಯಾವ ಸಿದ್ಧ ಮಾದರಿಯಲ್ಲೂ ಆ ಏಣು ಇರುವುದಿಲ್ಲ.

ಪಕ್ಕದ ಮನೆಯ ಹುಡುಗ ನಾಲ್ಕನೇ ತರಗತಿ. ಕಡುಬನ್ನು ಬರೀ ತ್ರಿಕೋನವಾಗಿ ಬರೆದು ಹಸಿರು ತುಂಬಿದ್ದ. ಅವನ ಅಜ್ಜಿ ಅದೇ ಹೊತ್ತಿಗೆ ಕಡುಬು ಕಟ್ಟುತ್ತಿದ್ದರು. ಹೋಗಿ ನೋಡ್ಕೊಂಡು ಬಾ ಮರಿ ಅಂದೆ. ಬಂದು ವರದಿ ಒಪ್ಪಿಸಿದ: ಬಿದಿರು ಜಾತಿಯ ಎರಡು ಅಗಲ ಎಲೆ ಒಂದರ ಮೇಲೊಂದು ಹಾಸಿ ಪೊಟ್ಟಣದ ಹಾಗೆ ಸುತ್ತುತ್ತಾರೆ. ನೆನೆದ ಅಂಟುವ ಅಕ್ಕಿ, ನಡುವೆ ಸೋಯಾ ಸಾಸಿನಲ್ಲಿ ನೆನೆಸಿದ ಹಂದಿಮಾಂಸ, ಮೇಲೆ ಮತ್ತೆ ಅಕ್ಕಿ. ಚಾಪ್‌ಸ್ಟಿಕ್ಕಿನಿಂದ ಒತ್ತಿ, ಎಲೆಯ ಬಾಲ ಮಡಚಿ, ಹತ್ತಿ ದಾರದ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಇನ್ನೊಂದು ತುದಿಯನ್ನು ಬಿಗಿಯಾಗಿ ಸುತ್ತುತ್ತಾರೆ. ಅವನು ತ್ರಿಕೋನ ಅಳಿಸಿ, ಹಲ್ಲಲ್ಲಿ ದಾರ ಕಚ್ಚಿದ ಅಜ್ಜಿಯನ್ನೇ ಬರೆದ. ಮುಖ ಹೋಲಲಿಲ್ಲ, ದಾರದ ಬಿಗಿ ಮಾತ್ರ ಸರಿಯಾಗಿ ಬಂದಿತ್ತು. ಉತ್ತರದವರು ಕೆಂಪು ಬೋರೆಹಣ್ಣಿನ ಸಿಹಿ ಕಡುಬು ಮಾಡುತ್ತಾರೆ ಎಂದು ಪಕ್ಕದಲ್ಲೊಂದು ಸಾಲನ್ನೂ ಸೇರಿಸಿದ.

ದೋಣಿ ಬರೆಯುವಾಗ ಮಕ್ಕಳು ಸಾಮಾನ್ಯವಾಗಿ ದಿಕ್ಕು ತಪ್ಪುತ್ತಾರೆ. ಡ್ರ್ಯಾಗನ್ ದೋಣಿಯಲ್ಲಿ ಹುಟ್ಟು ಹಾಕುವವರ ಮುಖ ಮುಂದಕ್ಕೆ. ಮೂತಿಯ ಬಳಿ ಕೂತ ನಗಾರಿಯವನ ಮುಖ ಅವರ ಕಡೆಗೆ, ಅಂದರೆ ಹಿಂದಕ್ಕೆ. ಪಂದ್ಯದ ದೊಡ್ಡ ದೋಣಿಯಲ್ಲಿ 20 ಜನ ಹುಟ್ಟಿನವರು, ಒಬ್ಬ ನಗಾರಿಯವ, ಹಿಂದೆ ಚುಕ್ಕಾಣಿಗೆ ಒಬ್ಬ. ಪಂದ್ಯದ ವಿಡಿಯೊ ತೋರಿಸಿ, ಯಾರು ಯಾವ ಕಡೆ ನೋಡ್ತಿದ್ದಾರೆ ಅಂತ ಕೇಳಿದರೆ ಸಾಕು, ಅವರೇ ತಿದ್ದಿಕೊಳ್ಳುತ್ತಾರೆ.

ಕೈಕೆಲಸದ ಮಾತು ಬಂದರೆ, ಬರಹ ಮೊದಲು, ಬಣ್ಣ ಆಮೇಲೆ. ಆಯಿಲ್ ಪೇಸ್ಟಲ್ ಹಚ್ಚಿದ ಜಾಗದಲ್ಲಿ ನೀರಿನ ಶಾಯಿಯ ಪೆನ್ನು ಹಿಡಿಯುವುದಿಲ್ಲ, ಅಕ್ಷರ ಒಡೆಯುತ್ತದೆ. ಬರಹವನ್ನು ಬೇರೆ ಕಾಗದದಲ್ಲಿ ಬರೆದು ಅಕ್ಷರ ಎಣಿಸಿಕೊಂಡರೆ ಜಾಗದ ಲೆಕ್ಕ ಸುಲಭ. ಚೀನೀ ಅಕ್ಷರಗಳೆಲ್ಲ ಒಂದೊಂದು ಚೌಕದಲ್ಲಿ ಕೂರುವಂಥವು. ಸ್ಕೇಲಿನಲ್ಲಿ ತೆಳುವಾಗಿ ಗೆರೆ ಎಳೆದು, ಶಾಯಿ ಒಣಗಿದ ಮೇಲಷ್ಟೇ ರಬ್ಬರು. ಕೈಯಡಿಗೆ ಒಂದು ತುಂಡು ಕಾಗದ ಇಟ್ಟರೆ ಹಾಳೆ ಕೊಳೆಯಾಗುವುದಿಲ್ಲ. ನಾನು ಪೆನ್ಸಿಲ್ ಮುಟ್ಟುವುದು ಕೆತ್ತಿಕೊಡಲು ಮಾತ್ರ. ಅಕ್ಷರ ವಾಲಿದರೂ ಸರಿ, ಅಂಚಿನ ಬಳ್ಳಿ ಅರ್ಧಕ್ಕೇ ನಿಂತರೂ ಸರಿ, ನಾನು ಕೈ ಹಾಕುವುದಿಲ್ಲ.

ಮುಂದಿನದು ಮಧ್ಯಶರತ್ಕಾಲದ ಹಬ್ಬದ ಹಾಳೆ. ಆ ಹೊತ್ತಿಗೆ ಸುಝೌ ಅಂಗಡಿಗಳ ಮುಂದೆ ಬಿಸಿಬಿಸಿ ಮಾಂಸದ ಮೂನ್‌ಕೇಕಿಗೆ ಉದ್ದ ಸಾಲು ನಿಲ್ಲುತ್ತದೆ. ಆ ಸಾಲಿನಲ್ಲಿ ನಿಲ್ಲುವಾಗ ಜೇಬಲ್ಲೊಂದು ಪುಟ್ಟ ಪುಸ್ತಕ, ಪೆನ್ಸಿಲ್ ಇರಲಿ ಅಂತ ಮಕ್ಕಳಿಗೆ ಈಗಲೇ ಹೇಳಿಟ್ಟಿದ್ದೇನೆ.