ಬಿಲ್ಲು ಕಟ್ಟಲಾಗದ ತಿಂಗಳಲ್ಲಿ ಮಾಡಬೇಕಾದುದೇನು?

ಮನೆಯಲ್ಲೊಬ್ಬರು ಕಾಯಿಲೆ ಬಿದ್ದರೆ ದೇಹವೊಂದೇ ಬಳಲುವುದಿಲ್ಲ. ಮನೆಯ ಆಯವ್ಯಯವೂ ಬಳಲುತ್ತದೆ. ವೈದ್ಯರ ಶುಲ್ಕ, ಔಷಧ, ರಕ್ತಪರೀಕ್ಷೆಗಳಿಗೆ ಹಣ ಕರಗಿದ ತಿಂಗಳಲ್ಲಿ ವಿದ್ಯುತ್ ಬಿಲ್ಲು ಕಟ್ಟದೆ ಉಳಿಯುವುದು ಸಹಜ. ಆದರೆ ಅದಕ್ಕಿಂತ ಅಪಾಯಕರವಾದ ಇನ್ನೊಂದು ರೂಢಿಯಿದೆ. ಬಿಲ್ಲನ್ನು ತಪ್ಪದೆ ಕಟ್ಟಿ, ರಕ್ತದೊತ್ತಡದ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುವವರಿದ್ದಾರೆ. ಛತ್ರಪತಿ ಸಂಭಾಜಿನಗರದ ಬೇಸಿಗೆ 40 ಡಿಗ್ರಿ ದಾಟಿದಾಗಲೂ ಖರ್ಚಿಗೆ ಹೆದರಿ ಫ್ಯಾನು ಆರಿಸಿ ಕುಳಿತುಕೊಳ್ಳುವ ವೃದ್ಧರಿದ್ದಾರೆ. ಕೇಳಿದರೆ ದೊರೆಯಬಹುದಾದ ಅನುಕೂಲವನ್ನು ಕೇಳಲು ಸಂಕೋಚಪಟ್ಟು, ಆರೋಗ್ಯವನ್ನೇ ಒತ್ತೆಯಿಡುವ ಪರಿ ಇದು.

ಕರ್ನಾಟಕದಲ್ಲಿ 2023ರಲ್ಲಿ ಆರಂಭವಾದ ‘ಗೃಹಜ್ಯೋತಿ’ಯ ಸೌಲಭ್ಯ ಆ ರಾಜ್ಯದ ಗ್ರಾಹಕರಿಗೆ ಮಾತ್ರ. ಓಝರಿನ ವಿಮಾನ ಕಾರ್ಖಾನೆಯ ನೌಕರಿಗೆಂದು ನಾಸಿಕಕ್ಕೆ ಬಂದವರಾಗಲಿ, ವಾಳೂಜ್, ಚಿಕಲಠಾಣಾಗಳ ಕೈಗಾರಿಕೆಗಳನ್ನು ನೆಚ್ಚಿ ಬೀದರ, ಕಲಬುರಗಿಗಳಿಂದ ಸಂಭಾಜಿನಗರಕ್ಕೆ ಬಂದವರಾಗಲಿ, ಇಲ್ಲಿನ ನಿಯಮಗಳನ್ನೇ ಅರಿತುಕೊಳ್ಳಬೇಕು. ಎರಡೂ ನಗರಗಳಿಗೆ ವಿದ್ಯುತ್ ಪೂರೈಸುವ ಸಂಸ್ಥೆ ‘ಮಹಾವಿತರಣ’.

ಹದಿನೈದು ದಿನಗಳ ಅವಕಾಶ

2003ರ ವಿದ್ಯುತ್ ಕಾಯಿದೆಯ 56ನೆಯ ಕಲಮಿನ ಮೇರೆಗೆ, ಬಾಕಿಗಾಗಿ ಸಂಪರ್ಕ ಕಡಿಯುವ ಮುನ್ನ ಗ್ರಾಹಕನಿಗೆ ಪೂರ್ಣ 15 ದಿನಗಳ ಲಿಖಿತ ಸೂಚನೆ ನೀಡಲೇಬೇಕು. ಈ ಅವಧಿ ಚಿಂತಿಸುತ್ತ ಕಳೆಯುವುದಕ್ಕಲ್ಲ, ಕಾರ್ಯಪ್ರವೃತ್ತರಾಗುವುದಕ್ಕೆ. ಬಿಲ್ಲಿನ ಮೇಲೆ ನಮೂದಾಗಿರುವ ಉಪವಿಭಾಗ ಕಚೇರಿಗೆ ಹೋಗಿ, ಕಂತುಗಳಲ್ಲಿ ಕಟ್ಟಲು ಅನುಮತಿ ಕೋರಿ ಅರ್ಜಿ ಸಲ್ಲಿಸಬೇಕು. ಗ್ರಾಹಕ ಸಂಖ್ಯೆ, ಬಾಕಿಯ ಮೊತ್ತ, ತೊಂದರೆಯ ಕಾರಣ, ಈಗ ಕಟ್ಟಬಲ್ಲ ಹಣ, ಉಳಿದುದನ್ನು ತೀರಿಸುವ ತಿಂಗಳುಗಳು, ಇಷ್ಟನ್ನು ಸ್ಪಷ್ಟವಾಗಿ ಬರೆದು, ಆಸ್ಪತ್ರೆಯ ಕಾಗದಗಳ ಪ್ರತಿಯನ್ನು ಲಗತ್ತಿಸಬೇಕು. ಅರ್ಜಿಯ ನಕಲಿನ ಮೇಲೆ ಸ್ವೀಕೃತಿಯ ಮುದ್ರೆ ಪಡೆಯಲು ಮರೆಯಬಾರದು. ಕಂತು ಕೊಡುವುದು ಅಧಿಕಾರಿಯ ವಿವೇಚನೆಗೆ ಸೇರಿದ್ದು ನಿಜ; ಆದರೆ ಸಂಪರ್ಕ ಕಡಿದ ಮೇಲೆ ಬೇಡುವುದಕ್ಕಿಂತ ಮೊದಲೇ ಕೋರುವವರ ಮಾತಿಗೆ ಬೆಲೆ ಹೆಚ್ಚು.

“ಇಂದು ರಾತ್ರಿಯೇ ನಿಮ್ಮ ವಿದ್ಯುತ್ ಕಡಿಯಲಾಗುವುದು” ಎಂದು ಅಪರಿಚಿತ ಮೊಬೈಲ್ ಸಂಖ್ಯೆಯಿಂದ ಬರುವ ಸಂದೇಶಗಳು ವಂಚಕರ ಕೃತ್ಯ. ಅವಕ್ಕೆ ಹಣ ಕಳುಹಿಸದೆ, 1912ಕ್ಕೆ ಕರೆಮಾಡಿ ವಿಚಾರಿಸುವುದು ಕ್ಷೇಮ.

ಬಿಲ್ಲೇ ತಪ್ಪಾಗಿದ್ದರೆ

ಗೃಹಬಳಕೆಯ ದರ ಹಂತಹಂತವಾಗಿ ಏರುತ್ತದೆ. ತಿಂಗಳಿಗೆ 100 ಯೂನಿಟ್ ದಾಟಿದೊಡನೆ, ಮುಂದಿನ ಯೂನಿಟ್ಟುಗಳ ದರ ಸುಮಾರು ಇಮ್ಮಡಿಯಾಗುತ್ತದೆ. ಆದುದರಿಂದ ಮೀಟರಿನ ಅಂಕಿಯನ್ನು ಬಿಲ್ಲಿನೊಡನೆ ತಾಳೆನೋಡುವುದು ಅಗತ್ಯ. ಎರಡು ತಿಂಗಳ ಬಳಕೆ ಒಂದೇ ಬಿಲ್ಲಿನಲ್ಲಿ ಬಂದಿದ್ದರೆ, ಅದನ್ನು ತಿಂಗಳುವಾರು ಹಂಚಿ ದರ ಹಾಕಲಾಗಿದೆಯೇ ಎಂದು ಪರಿಶೀಲಿಸಬೇಕು. ವಿವಾದವಿದ್ದಲ್ಲಿ ಬೇಡಿಕೆಯ ಪೂರ್ಣ ಮೊತ್ತ, ಅಥವಾ ಹಿಂದಿನ ಆರು ತಿಂಗಳ ಸರಾಸರಿಯಂತೆ ಲೆಕ್ಕ ಹಾಕಿದ ಮೊತ್ತ, ಇವೆರಡರಲ್ಲಿ ಕಡಿಮೆಯಾದುದನ್ನು ‘ಆಕ್ಷೇಪಣೆಯೊಡನೆ’ ಕಟ್ಟಿದರೆ, ವಿವಾದ ತೀರುವವರೆಗೆ ಸಂಪರ್ಕ ಕಡಿಯುವಂತಿಲ್ಲ. ಕಚೇರಿಯಲ್ಲಿ ಪರಿಹಾರ ದೊರೆಯದಿದ್ದರೆ ಗ್ರಾಹಕ ಕುಂದುಕೊರತೆ ನಿವಾರಣಾ ವೇದಿಕೆಗೂ, ಅಲ್ಲಿಂದ ವಿದ್ಯುತ್ ಲೋಕಪಾಲರಿಗೂ ದೂರು ಒಯ್ಯಬಹುದು.

ಬಾಡಿಗೆ ಮನೆಗಳಲ್ಲಿರುವವರು ಇನ್ನೊಂದು ವಿಷಯವನ್ನು ತಿಳಿದಿರಬೇಕು. ನ್ಯಾಯಸಮ್ಮತ ಕಾರಣವಿಲ್ಲದೆ ಮನೆಯ ಮಾಲಿಕರು ನೀರು, ದೀಪಗಳಂಥ ಅವಶ್ಯಕ ಸೌಕರ್ಯವನ್ನು ನಿಲ್ಲಿಸುವುದನ್ನು 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆ ನಿಷೇಧಿಸಿದೆ.

ಕೈಸಾಲದ ಲೆಕ್ಕ

ವಿದ್ಯುತ್ ಬಿಲ್ಲು ತಡವಾದರೆ ಶೇಕಡಾ 1.25ರಷ್ಟು ವಿಳಂಬ ಶುಲ್ಕ ಬೀಳುತ್ತದೆ. ಬಾಕಿ ಎರಡು ತಿಂಗಳು ಮೀರಿದರೆ ವರ್ಷಕ್ಕೆ ಶೇಕಡಾ 12, ಮೂರು ತಿಂಗಳು ಮೀರಿದರೆ ಶೇಕಡಾ 15 ಬಡ್ಡಿ. ಇದನ್ನು ತಪ್ಪಿಸಲು ನೂರಕ್ಕೆ ತಿಂಗಳಿಗೆ ಐದು ರೂಪಾಯಿಯಂತೆ ಕೈಸಾಲ ತಂದರೆ, ಬಡ್ಡಿ ವರ್ಷಕ್ಕೆ ಶೇಕಡಾ 60 ಆಗುತ್ತದೆ! ಸಣ್ಣ ಹೊರೆಯನ್ನಿಳಿಸಲು ದೊಡ್ಡ ಹೊರೆಯನ್ನು ಹೊತ್ತಂತೆ. ಮೊಬೈಲಿನಲ್ಲಿ ನಿಮಿಷದೊಳಗೆ ದೊರೆಯುವ ಸಾಲವೂ ಇದೇ ಜಾತಿಯದು. ಸಾಲ ಅನಿವಾರ್ಯವಾದರೆ ಕಾರ್ಖಾನೆಯ ಸಹಕಾರಿ ಪತಸಂಸ್ಥೆ ಅಥವಾ ಸಂಬಳದ ಮುಂಗಡ ಲೇಸು.

ಬೇರೆ ದಾರಿಯಿಂದ ಬರುವ ನೆರವು

ನೇರವಾಗಿ ಬಿಲ್ಲನ್ನೇ ಕಟ್ಟಿಕೊಡುವ ಯೋಜನೆಗಳು ವಿರಳ. ಆದರೆ ಚಿಕಿತ್ಸೆಯ ವೆಚ್ಚ ತಗ್ಗಿದರೆ ಬಿಲ್ಲಿಗೆ ಹಣ ತಾನಾಗಿ ಉಳಿಯುತ್ತದೆ. ಮಹಾತ್ಮಾ ಜೋತಿರಾವ್ ಫುಲೆ ಜನಆರೋಗ್ಯ ಯೋಜನೆಯಲ್ಲಿ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆಸ್ಪತ್ರೆ ಚಿಕಿತ್ಸೆಯ ರಕ್ಷಣೆಯಿದೆ. ಸಾರ್ವಜನಿಕ ಧರ್ಮಾರ್ಥ ಸಂಸ್ಥೆಗಳು ನಡೆಸುವ ಆಸ್ಪತ್ರೆಗಳು ಶೇಕಡಾ 10ರಷ್ಟು ಹಾಸಿಗೆಗಳನ್ನು ನಿರ್ಗತಿಕರಿಗೆ ಉಚಿತವಾಗಿ, ಇನ್ನು 10ರಷ್ಟನ್ನು ದುರ್ಬಲ ವರ್ಗದವರಿಗೆ ರಿಯಾಯಿತಿಯಲ್ಲಿ ಮೀಸಲಿಡಬೇಕೆಂಬ ನಿಯಮವಿದೆ. ಸಂಭಾಜಿನಗರದ ‘ಘಾಟಿ’ ಆಸ್ಪತ್ರೆ ಮತ್ತು ನಾಸಿಕದ ಜಿಲ್ಲಾ ಆಸ್ಪತ್ರೆಗಳಂತೂ ಸರಕಾರಿಯವೇ. ಇಂಥ ಸೌಲಭ್ಯಗಳಿಗೆ ಮಹಾರಾಷ್ಟ್ರದ ಪಡಿತರ ಚೀಟಿ, ಆದಾಯ ಪ್ರಮಾಣಪತ್ರಗಳನ್ನು ಕೇಳುವುದುಂಟು. ಚೀಟಿ ಇನ್ನೂ ಊರಿನಲ್ಲೇ ಇದ್ದರೆ, ಕಾಯಿಲೆ ಬರುವ ಮೊದಲೇ ಅದನ್ನು ಇಲ್ಲಿಗೆ ವರ್ಗಾಯಿಸಿಕೊಳ್ಳುವುದು ಜಾಣತನ.

ನೀರಿನ ಪಟ್ಟಿ ಮಹಾನಗರಪಾಲಿಕೆಗೆ ಸಲ್ಲುವಂಥದು. ಹಳೆಯ ಬಾಕಿಯ ದಂಡವನ್ನು ಮನ್ನಾ ಮಾಡುವ ‘ಅಭಯ ಯೋಜನೆ’ಗಳು ಆಗಾಗ ಪ್ರಕಟವಾಗುತ್ತವೆ. ಮಹಾವಿತರಣವೂ ಖಾಯಂ ಸಂಪರ್ಕ ಕಡಿದವರಿಗಾಗಿ 2024ರ ಸೆಪ್ಟೆಂಬರಿನಲ್ಲಿ ಇಂಥದೊಂದನ್ನು ಆರಂಭಿಸಿ, ಮೂಲ ಬಾಕಿ ತೀರಿಸಿದವರಿಗೆ ಬಡ್ಡಿಯನ್ನು ಬಿಟ್ಟಿತ್ತು. ಕಚೇರಿಗೆ ಹೋದಾಗ ಈ ಬಗ್ಗೆ ವಿಚಾರಿಸುವುದು ಒಳ್ಳೆಯದು.

ಮಿತವ್ಯಯ ಎಲ್ಲಿ, ಎಲ್ಲಿ ಬೇಡ

75 ವ್ಯಾಟಿನ ಹಳೆಯ ಫ್ಯಾನು ದಿನಕ್ಕೆ 16 ಗಂಟೆ ತಿರುಗಿದರೆ ತಿಂಗಳಿಗೆ 36 ಯೂನಿಟ್ ಖರ್ಚು. 30 ವ್ಯಾಟಿನ ಹೊಸ ಬಗೆಯದಕ್ಕೆ 15 ಯೂನಿಟ್ಟಿಗಿಂತ ಕಡಿಮೆ. ಉಳಿತಾಯ ಇಲ್ಲಿ ನಡೆಯಲಿ. ತೆರೆಯದ ಇನ್ಸುಲಿನ್ ಸೀಸೆಗೆ 2ರಿಂದ 8 ಡಿಗ್ರಿಯ ತಂಪು ಬೇಕು. ಅದನ್ನಿಟ್ಟ ಫ್ರಿಜ್ಜನ್ನು ಆರಿಸಬಾರದು. ಉಬ್ಬಸದವರ ನೆಬ್ಯುಲೈಜರ್, ಬೇಸಿಗೆಯಲ್ಲಿ ಹಿರಿಯರ ಫ್ಯಾನು, ನಿತ್ಯದ ಮಾತ್ರೆ, ಇವುಗಳಲ್ಲಿ ಉಳಿತಾಯ ಸಲ್ಲದು. ಬಿಟ್ಟ ಮಾತ್ರೆಯಿಂದ ಪಾರ್ಶ್ವವಾಯು ಬಡಿದರೆ ಆಗುವ ವೆಚ್ಚದ ಮುಂದೆ ಯಾವ ಬಿಲ್ಲೂ ದೊಡ್ಡದಲ್ಲ.

ಬಾಕಿ ಉಳಿಯುವುದು ಅಪರಾಧವಲ್ಲ, ಅವಮಾನವೂ ಅಲ್ಲ. ಮರಾಠಿಯಲ್ಲಿ ಅರ್ಜಿ ಬರೆಯಲು ಬಾರದ ಹಿರಿಯರೊಡನೆ ಬಲ್ಲವರೊಬ್ಬರು ಕಚೇರಿಯವರೆಗೆ ನಡೆದುಹೋದರೆ ಅದೂ ದೊಡ್ಡ ನೆರವೇ. ಆ ಹದಿನೈದು ದಿನಗಳು ಮೌನದಲ್ಲಿ ಕಳೆದುಹೋಗದಿರಲಿ.